ಎಡಗಡೆಯ ಹಿಂದಿನ ಗಾಲಿ

ಮಂಡಿಯ ಯಜಮಾನರು ಕೇಳಿದಾಗ "ನನಗೆ ಗೊತ್ತಾಗ್ತಿಲ್ಲ" ಅಂತ ಒಂದು ಮಾತು ಹೇಳಬೇಕಿತ್ತು. ನಾನು ಹೇಳಲಿಲ್ಲ. ಗಾಡಿ ರಿಪೇರಿ ಮಾಡುವವನ ಬಾಯಿಗೆ ಆ ಮಾತು ಸುಲಭಕ್ಕೆ ಬರುವುದಿಲ್ಲ. ಅದರ ಬದಲು ನನ್ನ ಸ್ವಂತ ತಮ್ಮನ ಕಡೆಗೆ ಬೆರಳು ತೋರಿಸಿದೆ. ಗಾಡಿಯ ರೋಗವನ್ನು ಕೊನೆಗೆ ಹಿಡಿದವನೂ ನಾನೇ. ಆ ರೋಗ ಇಂಥದ್ದೇ ಅನ್ನುವುದರಲ್ಲಿ ನನಗೆ ಹಿಡಿದ ದಿನವೂ ಅನುಮಾನವಿರಲಿಲ್ಲ, ಇವತ್ತೂ ಇಲ್ಲ. ಆದರೆ ಹಿಡಿಯುವ ಮೊದಲು ನಡೆದದ್ದನ್ನು ಬಿಟ್ಟು ಬರೀ ಜಾಣತನವನ್ನು ಬರೆದರೆ ಅದು ಅರ್ಧ ಸುಳ್ಳು. ಮಾಲೂರಿನ ಶಾಲೆಯಲ್ಲಿ ಮೂರನೇ ಕ್ಲಾಸಿನವರೆಗೆ ಓದಿದವನು ನಾನು. ಸುತ್ತಿಬಳಸಿ ಬರೆಯುವುದು ಬರುವುದಿಲ್ಲ.

ಎರಡನೇ ಮಹಾಯುದ್ಧ ನಡೆಯುತ್ತಿದ್ದ ಕಾಲ. ಶ್ರೀನಿವಾಸಪುರದ ಒಂದು ಮಾವಿನ ಮಂಡಿಯಲ್ಲಿ ಹಳೆಯ ಮೋಟಾರು ಗಾಡಿಯೊಂದಿತ್ತು. ಈಗ ಪಿಕಪ್ ಅನ್ನುತ್ತಾರಲ್ಲ, ಅಂಥದ್ದು. ಮುಂದೆ ಇಬ್ಬರು ಕೂರುವಷ್ಟು ಗೂಡು, ಹಿಂದೆ ತೆರೆದ ಮರದ ತೊಟ್ಟಿ. ನಾವು ಅದನ್ನು ಮೋಟು ಲಾರಿ ಅನ್ನುತ್ತಿದ್ದೆವು. ಯಾವುದೋ ಎಸ್ಟೇಟಿನಲ್ಲಿ ಸವೆದು ಸಾಕಾದ ಮೇಲೆ ಯಜಮಾನರ ಕೈಗೆ ಬಂದಿತ್ತು. ಪೆಟ್ರೋಲಿಗೆ ರೇಷನ್ ಬಿದ್ದಾಗ ಗೂಡಿನ ಹಿಂದೆ, ಎಡಗಡೆಗೆ, ಇದ್ದಿಲ ಗ್ಯಾಸಿನ ಡ್ರಮ್ಮು ಕೂರಿಸಿದ್ದರು. ಬೈರಕೂರು, ಮುಳಬಾಗಿಲು ಕಡೆಯ ತೋಪುಗಳಿಂದ ಕಾಯಿ ತಂದು ಮಂಡಿಗೆ ಇಳಿಸುವುದು, ಮಂಡಿಯಿಂದ ಕೋಲಾರದ ಮೇಲೆ ಹಾಯ್ದು ಮಾಲೂರಿನಲ್ಲಿ ಮದರಾಸಿನ ರೈಲಿಗೆ ಬುಟ್ಟಿ ಏರಿಸುವುದು ಅದರ ಕೆಲಸ. ಓಡಿಸುವವನು ನನ್ನ ತಮ್ಮ, ರಿಪೇರಿ ನನ್ನದು. ತಮ್ಮನಿಗೆ ಸ್ಟೇರಿಂಗ್ ಅಂದರೆ ಪ್ರಾಣ. ಶ್ರೀನಿವಾಸಪುರದ ಬೀದಿಯಲ್ಲಿ ಅವನು ಹಾರನ್ ಒತ್ತಿದರೆ ಬಾಗಿಲಿಗೆ ಬಂದು ನೋಡುವವರಿದ್ದರು.

ನಮ್ಮದು ಎತ್ತಿನ ಗಾಡಿ ಮಾಡುವ ಮನೆ. ಗಾಲಿಯ ನಡುವಿಗೆ ಹಲಸಿನ ಮರದ ಗುಂಬ, ಸುತ್ತ ಜಾಲಿಯ ಅರೆಕಾಲು, ಎರಡು ಗಾಲಿಗಳನ್ನು ಸೇರಿಸುವ ಕಬ್ಬಿಣದ ಇರುಸು, ಇವುಗಳ ನಡುವೆ ಬೆಳೆದವರು. ಮೋಟಾರಿನ ಕೆಲಸವನ್ನು ನಾನು ಕೋಲಾರದ ಒಂದು ಬಸ್ ಶೆಡ್ಡಿನಲ್ಲಿ ಕಲಿತೆ. ಕಲಿತದ್ದು ಚೆನ್ನಾಗಿಯೇ ಕಲಿತೆ. ಆದರೆ ಕೈ ಮಾತ್ರ ಗಾಡಿ ಮಾಡುವವನ ಕೈಯೇ ಆಗಿ ಉಳಿದಿತ್ತು. ಅದು ನನಗೆ ಗೊತ್ತಿರಲಿಲ್ಲ.

ಆ ವರ್ಷ ಮಾವಿನ ಸುಗ್ಗಿ ಶುರುವಾಗುವ ಹೊತ್ತಿಗೆ ಗಾಡಿಯ ಹಿಂದಿನ ಬ್ರೇಕು ತೊಂದರೆ ಕೊಡತೊಡಗಿತು. ಒತ್ತಿದರೆ ಗಾಡಿ ಬಲಕ್ಕೆ ಎಳೆಯುತ್ತಿತ್ತು. ಅಂದರೆ ಎಡಗಾಲಿ ಹಿಡಿಯುತ್ತಿಲ್ಲ, ಬಲಗಾಲಿಯೊಂದೇ ಹಿಡಿಯುತ್ತಿದೆ. ಎಡಗಡೆಯ ಹಿಂದಿನ ಗಾಲಿ ಬಿಚ್ಚಿ, ಬ್ರೇಕಿನ ಡ್ರಮ್ಮು ತೆಗೆದೆ. ಒಳಗೆಲ್ಲ ಎಣ್ಣೆ. ಬ್ರೇಕಿನ ಪಟ್ಟಿಗಳು ಬಾಣಲೆಯಿಂದ ಆಗಷ್ಟೇ ತೆಗೆದ ಬೋಂಡಾದ ಹಾಗೆ ಹೊಳೆಯುತ್ತಿದ್ದವು. ಹಿಂದಿನ ಆಕ್ಸಲಿನ ನಡುವೆ ಒಂದು ಗುಂಡು ಹೊಟ್ಟೆ ಇರುತ್ತದೆ, ಹಲ್ಲುಚಕ್ರಗಳು ತಿರುಗುವ ಜಾಗ. ಅದಕ್ಕೆ ಎಣ್ಣೆ ಬೇಕು. ಆ ಹೊಟ್ಟೆಯಿಂದ ಎರಡೂ ಕಡೆಗೆ ಕೊಳವೆ ಹೋಗಿ ಗಾಲಿ ಮುಟ್ಟುತ್ತದೆ. ಕೊಳವೆಯ ತುದಿಯಲ್ಲಿ ಎಣ್ಣೆ ಹೊರಬಾರದಂತೆ ಚರ್ಮದ ಒಂದು ಬಳೆ. ಆ ಬಳೆ ಸೋತಿದೆ ಅಂದುಕೊಂಡೆ. ಯಾರಾದರೂ ಹಾಗೆಯೇ ಅಂದುಕೊಳ್ಳುತ್ತಾರೆ.

ಯುದ್ಧದ ಕಾಲದಲ್ಲಿ ಹೊಸ ಬಳೆ ಎಲ್ಲಿಂದ ತರುವುದು? ಹದ ಮಾಡಿದ ಎಮ್ಮೆ ಚರ್ಮದಲ್ಲಿ ನಾನೇ ಕತ್ತರಿಸಿ, ಎಣ್ಣೆಯಲ್ಲಿ ನೆನೆಸಿ, ಕೂರಿಸಿದೆ. ಬ್ರೇಕಿನ ಪಟ್ಟಿಗಳನ್ನು ಬಟ್ಟೆ ಒಗೆಯುವ ಸೋಡಾದಲ್ಲಿ ಕುದಿಸಿ, ಕೆಂಡದ ಮೇಲೆ ಒಣಗಿಸಿ ಹಾಕಿದೆ. ಗಾಲಿ ಕಟ್ಟಿ, ಹೊಟ್ಟೆಗೆ ಎಣ್ಣೆ ತುಂಬಿ ಕಳಿಸಿದೆ. ಕೆಲವು ದಿನ ಕಳೆಯುವಷ್ಟರಲ್ಲಿ ಗಾಡಿ ವಾಪಸ್ಸು ಬಂತು. ಅದೇ ಎಡಗಾಲಿ, ಅದೇ ಎಣ್ಣೆ.

ಎರಡನೇ ಸಲ ಬೇರಿಂಗ್ ಬದಲಿಸಿದೆ. ಬೇರಿಂಗ್ ಸವೆದರೆ ಶಾಫ್ಟು ಕುಣಿಯುತ್ತದೆ, ಕುಣಿದರೆ ಬಳೆ ತಿನ್ನುತ್ತದೆ. ಲೆಕ್ಕ ಸರಿಯಾಗಿಯೇ ಇತ್ತು. ಮತ್ತೆ ಎಣ್ಣೆ ಬಂತು. ಆಮೇಲೆ ಆಕ್ಸಲಿನ ಕೊಳವೆ ಬಗ್ಗಿರಬಹುದು ಅಂತ ಒಂದು ಗಾಲಿಯಿಂದ ಇನ್ನೊಂದಕ್ಕೆ ದಾರ ಎಳೆದು ನೋಡಿದೆ, ನೆಟ್ಟಗಿತ್ತು. ಇದ್ದಿಲ ಡ್ರಮ್ಮಿನ ಭಾರ ಎಡಗಡೆಗೆ ಬೀಳುತ್ತಿದೆ ಅಂತ ಅದನ್ನು ಬಿಚ್ಚಿ ಬಲಕ್ಕೆ ಸರಿಸಿದೆ. ಗ್ಯಾಸಿನ ಕೊಳವೆಯೆಲ್ಲ ಹೊಸದಾಗಿ ಬಗ್ಗಿಸಬೇಕಾಯಿತು, ಕೈಯೆಲ್ಲ ಸುಟ್ಟುಕೊಂಡೆ. ಅದೂ ಕೆಲಸಕ್ಕೆ ಬರಲಿಲ್ಲ.

ತಮ್ಮ ಒಂದು ಮಾತು ಹೇಳಿದ. ಗಾಡಿಯ ಮೆಟ್ಟಿಲ ಮೇಲೆ ಕೂತು ಬೀಡಿ ಹಚ್ಚುತ್ತಿದ್ದ.

"ಅಣ್ಣಾ, ಒಂದು ಹೇಳ್ತೀನಿ, ಬಯ್ಬ್ಯಾಡ. ನೀನು ಕೈಯಿಟ್ಟ ಮಾರನೇ ದಿನವೇ ಜಾಸ್ತಿ ಕಣಣ್ಣಾ. ಆಮೇಲಾಮೇಲೆ ತಾನೇ ಕಮ್ಮಿ ಆಗ್ತದೆ."

"ಅಂದ್ರೆ? ನಾನೇ ಕೆಡಿಸ್ತೀನಿ ಅಂತೀಯಾ?"

"ಹಂಗಲ್ಲಣ್ಣಾ. ನೋಡಿದ್ದು ಹೇಳ್ದೆ."

"ಲೇ, ಓಡ್ಸೋದು ಕಲ್ತಿದ್ದೀಯ, ಓಡ್ಸು. ಬ್ರೇಕಿನ ಮೇಲೆ ಕಾಲಿಟ್ಟು ನಿದ್ದೆ ಮಾಡೋದು ಬಿಡು, ಎಲ್ಲಾ ಸರಿಹೋಗ್ತದೆ."

ಅವನು ನಕ್ಕ. ಬೀಡಿಯ ಹೊಗೆ ನನ್ನ ಮುಖಕ್ಕೇ ಬಿಟ್ಟು, "ಆಯ್ತು ಮೇಸ್ತ್ರಿಗಳೇ" ಅಂದ. ಕೊಡಬಹುದಾದ ಅತಿ ಒಳ್ಳೆಯ ಸುಳಿವನ್ನು ಅವನು ಕೊಟ್ಟಿದ್ದ. ನಾನು ಅದನ್ನು ಅಧಿಕಪ್ರಸಂಗ ಅಂತ ತಳ್ಳಿಬಿಟ್ಟೆ.

ಸುಗ್ಗಿಯ ನಡುವೆ ಅನಾಹುತವಾಯಿತು. ಬೈರಕೂರಿನ ತೋಪಿನಿಂದ ಕಾಯಿ ತುಂಬಿಕೊಂಡು ಬರುವಾಗ, ಮುಳಬಾಗಿಲು ಹತ್ತಿರದ ಇಳಿಜಾರಿನಲ್ಲಿ ತಮ್ಮ ಬ್ರೇಕು ಒತ್ತಿದ. ಎಡಗಾಲಿ ಹಿಡಿಯಲಿಲ್ಲ. ಗಾಡಿ ಬಲಕ್ಕೆ ತಿರುಗಿ ಎದುರಿಗೆ ಬರುತ್ತಿದ್ದ ಎತ್ತಿನ ಗಾಡಿಗೆ ಬಡಿಯಿತು. ಹಿಂದಿನ ದಿನ ತಾನೇ ನಾನು ಬ್ರೇಕು ಮಾಡಿಕೊಟ್ಟಿದ್ದೆ. ಸುದ್ದಿ ತಿಳಿದು ನಾನು ಹೋಗುವಷ್ಟರಲ್ಲಿ ಕಾಯಿಗಳು ರಸ್ತೆ ತುಂಬ ಉರುಳಿ ಕಾಲಿಡಲು ಜಾಗವಿರಲಿಲ್ಲ. ಎತ್ತುಗಳು ನೊಗ ಕಿತ್ತುಕೊಂಡು ಹೊಲಕ್ಕೆ ಓಡಿ ಬದುಕಿದ್ದವು. ಎತ್ತಿನ ಗಾಡಿಯವನು ಗಡಿಯ ಕಡೆಯ ತೆಲುಗಿನವನು, ವಯಸ್ಸಾದವನು. ಮುರಿದ ತೋಳನ್ನು ಇನ್ನೊಂದು ಕೈಯಲ್ಲಿ ಹಿಡಿದುಕೊಂಡು ಕೂತಿದ್ದ.

"ಏಂ ನಾಯನಾ, ಕಣ್ಣು ಕುರುಡಾ? ಇಷ್ಟು ದೊಡ್ಡ ಗಾಡಿ, ಎರಡು ಎತ್ತು, ಅದ್ರ ಮೇಲೆ ನಾನು. ಒಂದಾದ್ರೂ ಕಾಣ್ಲಿಲ್ವಾ ನಿನ್ನ ಕಣ್ಣಿಗೆ?"

ತಮ್ಮ ಅವನ ಮುಂದೆ ಕುಕ್ಕರಗಾಲಿನಲ್ಲಿ ಕೂತು ತನ್ನ ಟವೆಲ್ಲಿನಿಂದ ಅವನ ತೋಳು ಕಟ್ಟುತ್ತಿದ್ದ. "ಕಾಣಿಸ್ತು ತಾತ. ನಿಲ್ಲಲಿಲ್ಲ" ಅಂದ.

ಗಾಯಾಳುವನ್ನು ಕೋಲಾರದ ಆಸ್ಪತ್ರೆಗೆ ಸೇರಿಸಿ ಬಂದ ಮೇಲೆ ಮಂಡಿಯಲ್ಲಿ ಪಂಚಾಯ್ತಿ ಕೂತಿತು. ಯಜಮಾನರು ದಪ್ಪ ಆಸಾಮಿ, ಕೋಪ ಬಂದರೆ ದನಿ ಸಣ್ಣಗಾಗುತ್ತಿತ್ತು. ಸುತ್ತ ಬುಟ್ಟಿ ಹೊರುವವರು, ಕಾಯಿ ಆಯುವ ಹೆಂಗಸರು, ತೋಪಿನವರು.

"ಮೇಸ್ತ್ರಿ, ನೀನೇ ಹೇಳು. ಗಾಡಿದಾ ತಪ್ಪು, ಓಡ್ಸೋನ್ದಾ?"

ಬಾಯಿ ತೆರೆಯುವ ಮೊದಲು ಒಂದು ಗಳಿಗೆ ಸಿಕ್ಕಿತ್ತು. ಆ ಗಾಲಿಯ ರೋಗ ನನಗೆ ಗೊತ್ತಿಲ್ಲ ಅನ್ನುವುದು ಆಗ ನನ್ನೊಬ್ಬನಿಗೇ ಗೊತ್ತಿತ್ತು. ಅಷ್ಟು ಜನರ ಮುಂದೆ ಅದನ್ನು ಹೇಳಿದರೆ ನಾಳೆಯಿಂದ ಯಾರು ನನ್ನ ಹತ್ತಿರ ಗಾಡಿ ತರುತ್ತಾರೆ ಅನ್ನಿಸಿತು.

"ಬ್ರೇಕು ನಿನ್ನೆ ಮಾಡ್ಕೊಟ್ಟಿದ್ದೀನಿ ಯಜಮಾನ್ರೇ. ಗಾಡಿ ಸರಿಯಾಗೈತೆ. ಇವನ ಕಾಲೇ ಸರಿಯಿಲ್ಲ" ಅಂದೆ.

ತಮ್ಮ ನನ್ನನ್ನು ನೋಡಿದ. ವಾದ ಮಾಡುತ್ತಾನೆ ಅಂದುಕೊಂಡಿದ್ದೆ, ಮಾಡಲಿಲ್ಲ. ಅಣ್ಣ ಹೇಳಿದ ಮೇಲೆ ಅದು ನಿಜವೇ ಇರಬೇಕು ಅಂದುಕೊಂಡ ಅಂತ ನನಗೆ ಬಹಳ ದಿನ ತಿಳಿಯಲಿಲ್ಲ. ಅವತ್ತಿನಿಂದ ಅವನಿಗೆ ಸ್ಟೇರಿಂಗ್ ಇಲ್ಲ. ಬುಟ್ಟಿ ಹೊರುವ ಸಾಲಿನಲ್ಲಿ ನಿಂತ. ಮೊನ್ನೆಯವರೆಗೆ ಅವನ ಗಾಡಿಗೆ ಬುಟ್ಟಿ ಏರಿಸಿಕೊಡುತ್ತಿದ್ದವರು, "ಏನ್ಲಾ ಡ್ರೈವರ್ರು, ಹಾರನ್ ಹೊಡಿ, ದಾರಿ ಬಿಡ್ತೀವಿ" ಅಂತ ಗೇಲಿ ಮಾಡಿದರು. ಅವನು ತಲೆಯ ಮೇಲಿನ ಸಿಂಬೆ ಸರಿಮಾಡಿಕೊಂಡು ನಡೆದ.

ಹೊಸ ಡ್ರೈವರು ಕೋಲಾರದಿಂದ ಬಂದ. ಬಸ್ಸು ಓಡಿಸಿದ ಅನುಭವಸ್ಥ, ಎಲ್ಲರೂ ಉಸ್ತಾದ್ ಅನ್ನುತ್ತಿದ್ದರು. ನಾನು ಬ್ರೇಕು ಮತ್ತೆ ಹೊಸದಾಗಿ ಮಾಡಿ ಗಾಡಿ ಅವನ ಕೈಗೆ ಕೊಟ್ಟೆ. ಮೊದಲ ಸವಾರಿಯಲ್ಲೇ ಮಾಲೂರಿನ ಸ್ಟೇಷನ್ ಅಂಗಳಕ್ಕೆ ತಿರುಗುವಾಗ ಗಾಡಿ ಬಲಕ್ಕೆ ಎಳೆದು ಕಲ್ಲಿನ ಕಂಬಕ್ಕೆ ಮೂಗು ಉಜ್ಜಿ ನಿಂತಿತು. ಇನ್ನು ಓಡಿಸುವುದಿಲ್ಲ ಅಂತ ಹೇಳಿ ಕಳಿಸಿದ. ನಾನು ಬಸ್ಸು ಹತ್ತಿ ಮಾಲೂರಿಗೆ ಹೋದೆ.

"ಕ್ಯಾ ಮೇಸ್ತ್ರಿ, ನಿಮ್ಮ ಗಾಡಿಗೆ ಎಡಗಾಲು ಕುಂಟಾ?" ಅಂದ ಉಸ್ತಾದ್. "ನಿಮ್ಮ ತಮ್ಮ ಇಷ್ಟು ದಿನ ಇದನ್ನ ರಸ್ತೆ ಮೇಲೆ ಇಟ್ಕೊಂಡಿದ್ದೇ ದೊಡ್ಡದು. ಕೈ ಮುಗೀಬೇಕು ಅವನಿಗೆ."

ಆ ಮಾತು ಎದೆಗೆ ನಾಟಿತು. ಕಾಲು ಬದಲಾದರೂ ರೋಗ ಬದಲಾಗಿರಲಿಲ್ಲ. ಹಾಗಾದರೆ ತಪ್ಪು ಕಾಲಿನದಲ್ಲ. ಗೂಡ್ಸ್ ಶೆಡ್ಡಿನ ಪಕ್ಕದ ನೆರಳಿನಲ್ಲಿ ಗಾಡಿಯ ಮುಂದೆ ಕೂತು ಬಹಳ ಹೊತ್ತು ಯೋಚಿಸಿದೆ. ಇಷ್ಟು ದಿನ ನಾನು ಮಾಡಿದ್ದೇನು? ಪ್ರತಿ ಸಲವೂ ಏನಾದರೊಂದನ್ನು ಬದಲಿಸಿದ್ದೆ. ಬಳೆ, ಬೇರಿಂಗ್, ಪಟ್ಟಿ, ಇದ್ದಿಲ ಡ್ರಮ್ಮಿನ ಜಾಗ. ಒಂದು ಸಲವೂ ಸುಮ್ಮನೆ ನೋಡಿರಲಿಲ್ಲ. ಈ ಸಲ ಯಾವುದನ್ನೂ ಬದಲಿಸಬಾರದು, ನೋಡಬೇಕು ಅಷ್ಟೇ ಅಂತ ತೀರ್ಮಾನಿಸಿದೆ. ಇಡೀ ಕೆಲಸದಲ್ಲಿ ನಾನು ಮಾಡಿದ ಸರಿಯಾದ ತೀರ್ಮಾನ ಅದೊಂದೇ.

ಮೊದಲು ಎರಡೂ ಗಾಲಿ ಬಿಚ್ಚಿದೆ. ಎಡಗಡೆ ಒದ್ದೆ. ಬಲಗಡೆ ಒಣಗಿದ ರಾಗಿಕಲ್ಲಿನಂತೆ ಧೂಳು. ಹೊಟ್ಟೆಯ ಎಣ್ಣೆಯನ್ನು ಪೂರ್ತಿ ಒಂದು ಡಬ್ಬಕ್ಕೆ ಇಳಿಸಿದೆ. ಹೊಸ ಎಣ್ಣೆ ಸಿಗದ ಕಾಲ. ಇಳಿಸಿದ್ದನ್ನೇ ಬಟ್ಟೆಯಲ್ಲಿ ಸೋಸಿ, ಕಡಿಮೆ ಬಿದ್ದರೆ ಹರಳೆಣ್ಣೆ ಬೆರೆಸಿ ಮತ್ತೆ ತುಂಬುವುದು ಪದ್ಧತಿ. ಈ ಸಲ ಏನೂ ಬೆರೆಸಲಿಲ್ಲ. ಸೋಸಿಟ್ಟೆ. ಗಾಲಿಗಳನ್ನು ಒರೆಸಿ ಕಟ್ಟಿದೆ. ಅಷ್ಟರಲ್ಲಿ ಜಾಕಿಯ ತಿರುಪಿನ ಹಲ್ಲು ಸವೆದು ಜಾರತೊಡಗಿತು. ಅಂಥ ಜಾಕಿ ನಂಬಿ ಗಾಡಿಯ ಕೆಳಗೆ ಮಲಗುವವನು ಮೂರ್ಖ. ಗಾಡಿಯನ್ನು ನಾಲ್ಕೂ ಗಾಲಿಯ ಮೇಲೆ ಚಪ್ಪಡಿ ಹಾಸಿದ ಸಮನೆಲಕ್ಕೆ ಇಳಿಸಿ, ನೆಲಕ್ಕೆ ಎದೆಯೊತ್ತಿ ಕೆಳಗೆ ತೆವಳಿಕೊಂಡು ಹೋಗಿ, ಆಲಿಕೆ ಇಟ್ಟು ಎಣ್ಣೆ ಹುಯ್ದೆ.

ಆಕ್ಸಲಿನ ಹೊಟ್ಟೆಗೆ ಹಿಂದುಗಡೆ ಒಂದು ತೂತು ಇರುತ್ತದೆ. ಎಣ್ಣೆ ಆ ತೂತಿನ ತುಟಿಗೆ ಬಂದರೆ ತುಂಬಿತು ಅಂತ ಲೆಕ್ಕ, ಮುಚ್ಚಳ ತಿರುಗಿಸಿ ಬಿಗಿಯುವುದು. ತುಟಿಗೆ ಬಂತು. ಡಬ್ಬ ನೋಡಿದೆ. ಅದರಲ್ಲಿ ಇನ್ನೂ ಎಣ್ಣೆ ಉಳಿದಿತ್ತು. ತಳದಲ್ಲಿ ಅಷ್ಟಿಷ್ಟಲ್ಲ, ಅಲ್ಲಾಡಿಸಿದರೆ ಸದ್ದಾಗುವಷ್ಟು.

ಅದೇ ಎಣ್ಣೆ, ಅದೇ ಹೊಟ್ಟೆ. ಸೋರಿ ಕಡಿಮೆಯಾದ ಮೇಲೂ ಮಿಗುತ್ತಿದೆ. ಹಾಗಾದರೆ ಇಷ್ಟು ದಿನ ಈ ಹೆಚ್ಚಿನದು ಎಲ್ಲಿ ಕೂತಿತ್ತು?

ಆಗ ಹೊಳೆಯಿತು. ನಾನು ಎಣ್ಣೆ ಹಾಕುವುದು ಯಾವಾಗಲೂ ಬಲಗಾಲಿಯನ್ನು ಎತ್ತಿ. ನಮ್ಮ ಮನೆಯ ಕಟ್ಟಳೆ ಅದು. ಎತ್ತಿನ ಗಾಡಿಗೆ ಕೀಲೆಣ್ಣೆ ಹಾಕುವಾಗ ಮೊದಲು ಬಲಗಡೆಗೆ ಮರದ ಆಸರೆ ಕೊಟ್ಟು ಎತ್ತಬೇಕು, ಬಲಗಾಲಿಗೆ ಎಣ್ಣೆ ಕಾಣಿಸದೆ ಎಡಗಾಲಿ ಮುಟ್ಟಬಾರದು ಅಂತ ಅಪ್ಪ ಕಲಿಸಿದ್ದ. ಅಪ್ಪನಿಗೆ ಅವನ ಅಪ್ಪ. ಎತ್ತಿನ ಗಾಡಿಯ ಇರುಸು ಗಟ್ಟಿ ಕಬ್ಬಿಣ, ಯಾವ ಕಡೆ ಎತ್ತಿದರೂ ನಷ್ಟವಿಲ್ಲ. ಮೋಟಾರಿನ ಆಕ್ಸಲು ಟೊಳ್ಳು. ಬಲಗಡೆ ಎತ್ತಿ ಹುಯ್ದರೆ ಎಣ್ಣೆ ಎಡಗಡೆಯ ಕೊಳವೆಗೆ ಹರಿದು ಅದನ್ನು ತುಂಬಿ, ಚರ್ಮದ ಬಳೆಯನ್ನು ಮುಳುಗಿಸಿ, ಆಮೇಲೆ ತೂತಿನ ತುಟಿಗೆ ಬರುತ್ತದೆ. ಗಾಡಿ ಇಳಿಸುವ ಮೊದಲೇ ನಾನು ಮುಚ್ಚಳ ಬಿಗಿಯುತ್ತಿದ್ದೆ. ಹೆಚ್ಚಾದದ್ದಕ್ಕೆ ಹೊರಗೆ ಬರಲು ದಾರಿ ಉಳಿಯುತ್ತಿದ್ದದ್ದು ಎಡಗಾಲಿಯೊಂದೇ. ನಮ್ಮ ರಸ್ತೆಗಳೂ ಅಂಚಿನ ಕಡೆಗೆ ಇಳಿಜಾರು, ಎಡಕ್ಕೆ ನಡೆಯುವ ಗಾಡಿ ಎಡಕ್ಕೇ ವಾಲಿರುತ್ತದೆ. ಹೆಚ್ಚಾದದ್ದೆಲ್ಲ ಸೋರಿ ಮುಗಿದ ಮೇಲೆ ಬ್ರೇಕು ಒಣಗಿ ತಾನೇ ಸುಮಾರಾಗುತ್ತಿತ್ತು. ಆಗ ನಾನು ಮತ್ತೆ ಬಿಚ್ಚಿ, ಮತ್ತೆ ತುಂಬುತ್ತಿದ್ದೆ. ನನ್ನ ರಿಪೇರಿಯೇ ರೋಗವಾಗಿತ್ತು.

ಹೊಳೆದದ್ದನ್ನೆಲ್ಲ ನಂಬುವವನಲ್ಲ ನಾನು. ಗೂಡ್ಸ್ ಶೆಡ್ಡಿನಲ್ಲಿ ರೈಲಿನ ಮರದ ದಿಮ್ಮಿ ಬಿದ್ದಿತ್ತು. ಉಸ್ತಾದನಿಗೆ ಹೇಳಿ ಬಲಗಡೆಯ ಹಿಂದಿನ ಗಾಲಿಯನ್ನು ಅದರ ಮೇಲೆ ಹತ್ತಿಸಿದೆ. ಮುಚ್ಚಳ ತೆಗೆದು ಹುಯ್ದೆ. ಉಳಿದಿದ್ದ ಎಣ್ಣೆ ಪೂರ್ತಿ ಹಿಡಿಯಿತು. ಎಡಗಾಲಿಯ ಹಿಂದಿನ ತಗಡನ್ನು ಒರೆಸಿ, ಇದ್ದಿಲ ಡ್ರಮ್ಮಿನ ಬೂದಿ ತೆಗೆದು ಬಳಿದೆ. ನಾವು ಟೀ ಕುಡಿದು ಬರುವಷ್ಟರಲ್ಲಿ ಬೂದಿಯ ಕೆಳಗಿನ ಅಂಚು ಎಣ್ಣೆ ಹೀರಿ ಕಪ್ಪಾಗಿತ್ತು.

"ಅರೇ, ಸಿಕ್ಕಿಬಿದ್ದ ಕಳ್ಳ!" ಅಂದ ಉಸ್ತಾದ್. ಕಳ್ಳ ಯಾರು ಅಂತ ಅವನಿಗೆ ಗೊತ್ತಿರಲಿಲ್ಲ.

ಗಾಡಿ ಸಮನೆಲಕ್ಕೆ ಇಳಿಸಿ, ತುಟಿಯವರೆಗೆ ಉಳಿಸಿ ಮಿಕ್ಕಿದ್ದನ್ನು ಹೊರಬಿಟ್ಟೆ. ಪಟ್ಟಿಗಳನ್ನು ಕುದಿಸಿ ಒಣಗಿಸಿದೆ. ಕೋಲಾರಕ್ಕೆ ಹೋಗಿ ಬಂದೆವು, ವಕ್ಕಲೇರಿಯ ಕಡೆ ಏರಿಳಿದು ನೋಡಿದೆವು. ಬ್ರೇಕಿನ ಡ್ರಮ್ಮು ಬಿಚ್ಚಿದರೆ ಒಳಗೆ ಒಣ ಧೂಳು. ಆಮೇಲೆ ಆ ಗಾಡಿ ಮಂಡಿಯಲ್ಲಿ ಇರುವವರೆಗೂ ಆ ಗಾಲಿ ಎಣ್ಣೆ ಕಾಣಲಿಲ್ಲ.

ಯಜಮಾನರಿಗೆ "ಸರಿಹೋಯ್ತು, ಎಣ್ಣೆ ಜಾಸ್ತಿ ಆಗ್ತಿತ್ತು" ಅಂದೆ. ಎಣ್ಣೆ ತಾನಾಗಿಯೇ ಹೆಚ್ಚುತ್ತಿತ್ತು ಅನ್ನುವ ಹಾಗೆ.

"ಹಂಗಾದ್ರೆ ನಿನ್ನ ತಮ್ಮಂದು ತಪ್ಪಿಲ್ಲ ಅನ್ನು."

"ಇಲ್ಲ."

"ಕೂರ್ಸು ಅವನ್ನೇ ಮತ್ತೆ. ಆ ಎತ್ತಿನ ಗಾಡಿಯೋನ್ನ ನಾನು ನೋಡ್ಕೋತೀನಿ. ಹೆಂಗೋ ಆಗಿದ್ದು ಆಯ್ತು, ಕೆದಕಕ್ಕೆ ಹೋಗಬ್ಯಾಡ. ನಿನ್ನ ಹೆಸರೂ ಉಳೀಲಿ."

ಅದು ನನಗೂ ಹಿತವಾಗಿ ಕೇಳಿಸಿತು. ಸ್ಟೇರಿಂಗ್ ವಾಪಸ್ಸು ಬಂದರೆ ಎಲ್ಲ ವಾಪಸ್ಸು ಬಂದ ಹಾಗೆ ಅಂದುಕೊಂಡೆ. ತಮ್ಮನಿಗೂ ಅಷ್ಟೇ ಹೇಳಿದೆ: ಗಾಡಿ ರಿಪೇರಿ ಆಗಿದೆ, ನಾಳೆಯಿಂದ ನೀನೇ ಓಡಿಸು.

ಅವನು ಓಡಿಸಿದ. ಆದರೆ ಅವನು ಹಳೆಯ ಡ್ರೈವರ್ ಆಗಿರಲಿಲ್ಲ. ಎತ್ತಿನ ಗಾಡಿ ಎದುರಾದರೆ ರಸ್ತೆ ಬಿಟ್ಟು ಹೊಲಕ್ಕೆ ಇಳಿಸಿ ನಿಲ್ಲಿಸುತ್ತಿದ್ದ. ಮದರಾಸಿನ ರೈಲು ತಪ್ಪುತ್ತಿತ್ತು, ಕಾಯಿ ಸ್ಟೇಷನ್ನಿನಲ್ಲೇ ಹಣ್ಣಾಗುತ್ತಿತ್ತು. ಯಜಮಾನರ ದನಿ ಮತ್ತೆ ಸಣ್ಣಗಾಯಿತು. ಏನಾಗಿದೆ ನೋಡೋಣ ಅಂತ ಒಂದು ದಿನ ನಾನೂ ಗೂಡಿನಲ್ಲಿ ಹತ್ತಿ ಕೂತೆ. ಹಿಂದೆ ಬುಟ್ಟಿಗಳ ಮೇಲೆ ಆಳುಗಳು.

ಶ್ರೀನಿವಾಸಪುರ ದಾಟಿ ಕೋಲಾರದ ಕಡೆಗೆ ಮೊದಲ ಇಳಿಜಾರು ಬಂತು. ಅದರ ನೆತ್ತಿಯಲ್ಲಿ ಅವನು ಗಾಡಿ ನಿಲ್ಲಿಸಿಬಿಟ್ಟ. ಇಳಿದು ಹೋಗಿ ಎಡಗಡೆಯ ಹಿಂದಿನ ಬ್ರೇಕಿನ ಡ್ರಮ್ಮನ್ನು ಕೈಯಿಂದ ಮುಟ್ಟಿದ, ಬೆರಳು ಮೂಸಿ ನೋಡಿದ. ಮತ್ತೆ ಬಂದು ಕೂತ. ಗಾಡಿ ಬಿಡಲಿಲ್ಲ.

ಮೇಲಿನಿಂದ ಆಳುಗಳು ಕೂಗಿದರು. "ಏನ್ಲಾ ಡ್ರೈವರ್ರೂ, ಇಲ್ಲೇ ಸಂಸಾರ ಹೂಡ್ತೀಯೇನ್ಲಾ?"

"ಒಣಗೈತೆ ಕಣೋ, ಬಿಡು" ಅಂದೆ ನಾನು.

"ಗೊತ್ತಣ್ಣಾ. ನೀನು ಮಾಡಿದ್ಮೇಲೆ ಗಾಡಿ ಸರಿಯಾಗೇ ಇರ್ತದೆ." ಅವನು ತನ್ನ ಬಲಗಾಲನ್ನು ನೋಡಿಕೊಳ್ಳುತ್ತಿದ್ದ. "ಈ ಕಾಲಿನ ಮೇಲೇ ನಂಬಿಕೆ ಇಲ್ಲ. ಎಲ್ಲಿ ಒತ್ತಬೇಕು, ಎಷ್ಟು ಒತ್ತಬೇಕು, ಒಂದೂ ತಿಳೀತಿಲ್ಲ. ಬ್ಯಾರೆ ಯಾರಾದ್ರೂ ಅಂದಿದ್ರೆ ಬಿಡ್ತಿದ್ದೆ. ನೀನೇ ಅಂದಿದ್ದಲ್ಲ. ಯಜಮಾನ್ರಿಗೆ ಹೇಳ್ಬಿಡಣ್ಣಾ, ನನಗೆ ಬುಟ್ಟಿ ಹೊರೋದೇ ಸಾಕು."

ನಮ್ಮಲ್ಲಿ ಅಣ್ಣನಾದವನು ತಮ್ಮನ ಮುಂದೆ ತಪ್ಪು ಒಪ್ಪಿಕೊಳ್ಳುವುದಿಲ್ಲ. ನಾನು ಅದನ್ನು ಎಲ್ಲೂ ನೋಡಿರಲಿಲ್ಲ, ಹೇಗೆ ಶುರುಮಾಡಬೇಕು ಅಂತಲೂ ತಿಳಿದಿರಲಿಲ್ಲ. ಗೂಡಿನಿಂದ ಕೆಳಗಿಳಿದು, ಸುತ್ತಿ ಬಂದು, ಅವನ ಬಾಗಿಲ ಹತ್ತಿರ ರಸ್ತೆಯಲ್ಲಿ ನಿಂತೆ. ಮೇಲಿನವರಿಗೂ ಕೇಳಲಿ ಅಂತ ದನಿ ಎತ್ತಿಯೇ ಹೇಳಿದೆ.

"ನಿನ್ನ ಕಾಲು ಅವತ್ತೂ ಸರಿಯಾಗೇ ಇತ್ತು ಕಣೋ. ಬಲಗಡೆ ಎತ್ತಿ ಎಣ್ಣೆ ಹುಯ್ದು ಆ ಬ್ರೇಕು ಕೆಡಿಸಿದ್ದು ನಾನು. ನೀನು ಹೇಳಿದ್ರೂ ಕೇಳ್ಲಿಲ್ಲ. ಯಜಮಾನ್ರು ಕೇಳ್ದಾಗ ಗೊತ್ತಿಲ್ಲ ಅನ್ನಕ್ಕೆ ನಾಚ್ಕೊಂಡು, ನಿನ್ನ ಮೇಲೆ ಹಾಕ್ಬಿಟ್ಟೆ. ಆ ತಾತನ ಕೈ ಮುರಿದಿದ್ದು ನಾನು, ನೀನಲ್ಲ. ತಪ್ಪಾಯ್ತಪ್ಪಾ. ನನ್ನ ಮನ್ನಿಸ್ಬಿಡು."